ವಿಮಾನಯಾನದ ಇತಿಹಾಸ ಬರೆಯುವವರಿಗೆ: ಬಾಗಿಲು ಹಾಕಿದವರ ಕತೆಯನ್ನೂ ಬರೆಯಿರಿ

ಪಠ್ಯಪುಸ್ತಕ ಬರೆಯುವವರಿಗೆ, ವಿಮಾನ ಮ್ಯೂಸಿಯಂ ನಡೆಸುವವರಿಗೆ, ಮಕ್ಕಳಿಗಾಗಿ ವಿಜ್ಞಾನದ ಪುಸ್ತಕ ತರುವವರಿಗೆ,

ನಮಸ್ಕಾರ.

ನಿಮ್ಮ ಪುಸ್ತಕಗಳಲ್ಲಿ ಮಹಿಳಾ ಪೈಲಟ್‌ಗಳು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದಾರೆ. ಆದರೆ ಅಧ್ಯಾಯ ಮುಗಿದ ಮೇಲೆ, ಪುಟದ ಮೂಲೆಯಲ್ಲಿ, ಬಣ್ಣದ ಚೌಕದೊಳಗೆ ಇದ್ದಾರೆ. ಒಂದು ಹೆಸರು, ಒಂದು ಫೋಟೊ, ಒಂದು ಇಸವಿ, ‘ಮೊದಲ ಮಹಿಳೆ’ ಎಂಬ ಪಟ್ಟ. ಅಷ್ಟಕ್ಕೇ ಮುಗಿಯಿತು. ರೈಟ್ ಸಹೋದರರ ಬಗ್ಗೆ ಬರೆಯುವಾಗ ರೆಕ್ಕೆ ತಿರುಚುವ ಉಪಾಯವನ್ನು ವಿವರಿಸುತ್ತೀರಿ, ಸೋತ ಪ್ರಯೋಗಗಳನ್ನೂ ಹೇಳುತ್ತೀರಿ. 1927ರಲ್ಲಿ ಲಿಂಡ್‌ಬರ್ಗ್ ನಿದ್ದೆಯಿಲ್ಲದೆ 33 ಗಂಟೆ ಹಾರಿದ್ದನ್ನು ಪುಟಗಟ್ಟಲೆ ಬರೆಯುತ್ತೀರಿ. ಓದುವ ಮಗುವಿಗೆ ಅವರ ಕೆಲಸ ಕಣ್ಣಿಗೆ ಕಟ್ಟುತ್ತದೆ. ಹೆಂಗಸರ ವಿಷಯಕ್ಕೆ ಬಂದಾಗ ಅದೇ ಮಗುವಿಗೆ ಸಿಗುವುದು ಇಸವಿ ಮಾತ್ರ.

ದಯವಿಟ್ಟು ಆ ಚೌಕ ತೆಗೆಯಿರಿ. ಈ ಹೆಂಗಸರು ಕಾಕ್‌ಪಿಟ್‌ನಲ್ಲಿ ಕೂತು ಏನು ಮಾಡಿದರು ಎಂದು ಬರೆಯಿರಿ. ಅವರನ್ನು ಕಾಕ್‌ಪಿಟ್‌ನಿಂದ ದೂರ ಇಟ್ಟವರು ಯಾರು, ಯಾವ ನಿಯಮ ತೋರಿಸಿ ದೂರ ಇಟ್ಟರು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಅದನ್ನು ಬಿಟ್ಟರೆ ಮಕ್ಕಳು ತಪ್ಪಾಗಿ ತಿಳಿಯುತ್ತಾರೆ. ಹೆಂಗಸರಿಗೆ ಹಾರುವ ಆಸೆಯೇ ಇರಲಿಲ್ಲ, ಎಲ್ಲೋ ನಾಲ್ಕು ಜನ ಧೈರ್ಯವಂತೆಯರು ಬಂದರು, ಉಳಿದವರು ಮನೆಯಲ್ಲೇ ಇದ್ದರು ಅಂದುಕೊಳ್ಳುತ್ತಾರೆ. ನಡೆದದ್ದು ಹಾಗಲ್ಲ.

ಫ್ರಾನ್ಸಿನ ಉತ್ತರ ಕರಾವಳಿಯ ಲ ಕ್ರೊಟುವಾ ಎಂಬ ಸಣ್ಣ ಊರಿನಿಂದಲೇ ಶುರು ಮಾಡುತ್ತೇನೆ. ಅಲ್ಲಿ ಕೊದ್ರೊನ್ ಸಹೋದರರ ವಿಮಾನ ಶಾಲೆ ಇತ್ತು. ಜಗತ್ತಿನಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲ ಹೆಣ್ಣು ರೇಮಂಡ್ ದ ಲಾರೋಷ್ ಎಂದು ನಿಮ್ಮ ಚೌಕದಲ್ಲಿ ಇರುತ್ತದೆ. ತಾರೀಖು 1910ರ ಮಾರ್ಚ್ 8, ಲೈಸೆನ್ಸ್ ನಂಬರ್ 36. ಆದರೆ ಅದೇ ವರ್ಷ ಜುಲೈನಲ್ಲಿ ರೀಮ್ಸ್ ನಗರದ ಹಾರಾಟದ ಕೂಟದಲ್ಲಿ ಅವರ ವಿಮಾನ ಬಿದ್ದು ಮೈಮೂಳೆಗಳು ಮುರಿದದ್ದು ಅಲ್ಲಿ ಇರುವುದಿಲ್ಲ. ಅವರು ಚೇತರಿಸಿಕೊಂಡು ಮತ್ತೆ ಹಾರಿದ್ದೂ ಇರುವುದಿಲ್ಲ. 1919ರ ಜುಲೈ 18ರಂದು ಲ ಕ್ರೊಟುವಾದಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು.

ಅದಾದ ಕೆಲವೇ ತಿಂಗಳಿಗೆ ಅದೇ ಊರಿಗೆ ಆಡ್ರಿಯೆನ್ ಬೊಲ್ಲಾನ್ ಎಂಬ ಯುವತಿ ಹಾರಾಟ ಕಲಿಯಲು ಬಂದರು. 1921ರ ಏಪ್ರಿಲ್ 1ರಂದು ಅವರು ಅರ್ಜೆಂಟೀನಾದ ಮೆಂಡೋಸಾದಿಂದ ಹೊರಟು ಆಂಡಿಸ್ ಪರ್ವತ ದಾಟಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಇಳಿದರು. ವಿಮಾನ ಕೊದ್ರೊನ್ ಜಿ-3, ಮೊದಲ ಮಹಾಯುದ್ಧದ ಕಾಲದ ಹಗುರ ವಿಮಾನ. ಅಲ್ಲಿಯ ಶಿಖರಗಳಷ್ಟು ಮೇಲೆ ಏರುವ ಶಕ್ತಿ ಅದಕ್ಕೆ ಇರಲಿಲ್ಲ. ಹಾಗಾಗಿ ಅವರು ಬೆಟ್ಟಗಳ ಮೇಲಿಂದ ಹಾರಲಿಲ್ಲ, ಬೆಟ್ಟಗಳ ನಡುವೆ ಕಣಿವೆ ಹಿಡಿದು ಹಾರಿದರು. ಕಣಿವೆಯಲ್ಲಿ ದಾರಿ ತಪ್ಪಿದರೆ ತಿರುಗಿಸಲು ಜಾಗ ಇರುವುದಿಲ್ಲ. ಪೈಲಟ್ ಕೆಲಸ ಅಂದರೆ ಏನು ಎಂದು ಮಗುವಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಇದೆಯೇ?

ಅದೇ ಊರಿಗೆ ಮೂರನೆಯವರು ಬಂದರು. ಅವರ ಹೆಸರು ಬೆಸ್ಸಿ ಕೋಲ್ಮನ್. ಇವರ ಕತೆಯ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನೀವು ಬಿಟ್ಟುಬಿಡುವ ಭಾಗವೇ ಇಲ್ಲಿ ಮುಖ್ಯ. 1892ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಹತ್ತಿ ಹೊಲದಲ್ಲಿ ದುಡಿದವರು, ಮುಂದೆ ಷಿಕಾಗೋದಲ್ಲಿ ಕ್ಷೌರದಂಗಡಿಯಲ್ಲಿ ಉಗುರು ತಿದ್ದುವ ಕೆಲಸ ಮಾಡಿದವರು. ಹಾರಾಟ ಕಲಿಯಬೇಕು ಎಂದು ಹೋದಾಗ ಅಮೆರಿಕದ ಒಂದು ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಹೆಣ್ಣು ಎಂಬುದು ಒಂದು ಕಾರಣ, ಬಣ್ಣ ಇನ್ನೊಂದು. ಅವರು ಫ್ರೆಂಚ್ ಕಲಿತರು, ಹಣ ಕೂಡಿಸಿದರು, ಸಮುದ್ರ ದಾಟಿ ಲ ಕ್ರೊಟುವಾಗೆ ಹೋದರು. 1921ರ ಜೂನ್ 15ರಂದು ಅವರ ಕೈಗೆ ಅಂತರರಾಷ್ಟ್ರೀಯ ಲೈಸೆನ್ಸ್ ಬಂತು.

ಒಂದು ಲೈಸೆನ್ಸ್‌ಗಾಗಿ ಒಬ್ಬರು ಹೊಸ ಭಾಷೆ ಕಲಿತು ಇನ್ನೊಂದು ಖಂಡಕ್ಕೆ ಹೋಗಬೇಕಾಯಿತು. ಅವರ ಛಲವನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ಆದರೆ ಬಾಗಿಲು ಹಾಕಿದ ಆ ಶಾಲೆಗಳ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆ ಹೊಗಳಿಕೆ ಅರ್ಧ ಸುಳ್ಳಾಗುತ್ತದೆ. ಕೋಲ್ಮನ್ ಸ್ವದೇಶಕ್ಕೆ ಮರಳಿ ಹಾರಾಟ ಪ್ರದರ್ಶನ ಮಾಡಿದರು. ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ಗೇಟು ಇಟ್ಟರೆ ತಾನು ಹಾರುವುದಿಲ್ಲ ಎಂದು ಹಟ ಹಿಡಿದರು. ತಮ್ಮ ಜನರಿಗಾಗಿ ಒಂದು ವಿಮಾನ ಶಾಲೆ ತೆರೆಯುವುದು ಅವರ ಕನಸಾಗಿತ್ತು. 1926ರ ಏಪ್ರಿಲ್ 30ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ವಿಮಾನ ಮಗುಚಿ ಅವರು ಹೊರಗೆ ಬಿದ್ದು ಸತ್ತರು. ಶಾಲೆ ತೆರೆಯಲು ಆಗಲಿಲ್ಲ. ಮೂರು ವರ್ಷದ ನಂತರ ಲಾಸ್ ಏಂಜಲೀಸ್‌ನಲ್ಲಿ ಅವರ ಹೆಸರಿನಲ್ಲೇ ಒಂದು ವಿಮಾನ ಕ್ಲಬ್ ಶುರುವಾಯಿತು.

ಒಂದೇ ಊರು, ಮೂವರು ಹೆಂಗಸರು. ಇದನ್ನು ಮೂರು ಬೇರೆ ಬೇರೆ ಚೌಕಗಳಲ್ಲಿ ಹಾಕಿದರೆ ಕತೆ ಸತ್ತುಹೋಗುತ್ತದೆ. ಒಟ್ಟಿಗೆ ಹೇಳಿದರೆ ಒಂದು ವಿಷಯ ತಾನಾಗಿ ಗೊತ್ತಾಗುತ್ತದೆ: ಬಾಗಿಲು ತೆಗೆದ ಕಡೆಗೆ ಹೆಂಗಸರು ಹುಡುಕಿಕೊಂಡು ಬಂದರು.

ಈಗ ಅಮೇಲಿಯಾ ಇಯರ್‌ಹಾರ್ಟ್. ಇವರ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ಏನು ಗೊತ್ತಿದೆ? 1937ರ ಜುಲೈ 2ರಂದು ಪೆಸಿಫಿಕ್ ಸಾಗರದ ಹೌಲ್ಯಾಂಡ್ ದ್ವೀಪದ ಕಡೆ ಹೋಗುವಾಗ ಕಾಣೆಯಾದರು ಎನ್ನುವುದು ಗೊತ್ತಿದೆ. ಅವರ ವಿಮಾನದ ಚೂರು ಎಲ್ಲಿದೆ ಎಂದು ಇಂದಿಗೂ ಹುಡುಕುತ್ತಾರೆ, ಅದರ ಬಗ್ಗೆ ಎಷ್ಟೋ ಕಾರ್ಯಕ್ರಮಗಳು ಬಂದಿವೆ. ಒಬ್ಬ ಪೈಲಟ್‌ನ ಇಡೀ ಬದುಕನ್ನು ಅವರ ಸಾವಿನ ಒಗಟಿಗೆ ಇಳಿಸಿಬಿಟ್ಟಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

1928ರಲ್ಲಿ ಅವರು ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದಾಗ ಜಗತ್ತು ಮೆರವಣಿಗೆ ಮಾಡಿತು. ಆದರೆ ಆ ವಿಮಾನ ನಡೆಸಿದವರು ಗಂಡಸರು, ಇಯರ್‌ಹಾರ್ಟ್ ಸುಮ್ನೆ ಪ್ರಯಾಣಿಕರಾಗಿ ಕೂತಿದ್ದರು. ತನ್ನನ್ನು ಸಾಮಾನಿನ ಹಾಗೆ ಹೊತ್ತು ತಂದರು ಎಂಬ ಬೇಸರವನ್ನು ಅವರೇ ಬಾಯಿಬಿಟ್ಟು ಹೇಳಿಕೊಂಡರು. ನಾಲ್ಕು ವರ್ಷ ಕಾದರು. 1932ರ ಮೇ 20ರಂದು ನ್ಯೂಫೌಂಡ್‌ಲ್ಯಾಂಡ್‌ನಿಂದ ಕೆಂಪು ಬಣ್ಣದ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಒಬ್ಬರೇ ಹೊರಟರು. ರಾತ್ರಿ ಎತ್ತರ ತೋರಿಸುವ ಮೀಟರ್ ಕೆಟ್ಟಿತು. ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿತು. ಎಂಜಿನ್‌ನ ಹೊಗೆಕೊಳವೆ ಬಿರುಕು ಬಿಟ್ಟು ಬೆಂಕಿ ಕಾಣಿಸತೊಡಗಿತು. ಸುಮಾರು 15 ಗಂಟೆಯ ನಂತರ ಉತ್ತರ ಐರ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ಇಳಿದರು. 1935ರಲ್ಲಿ ಹವಾಯಿಯಿಂದ ಕ್ಯಾಲಿಫೋರ್ನಿಯಾಗೆ ಒಬ್ಬರೇ ಹಾರಿದರು. ಅದನ್ನು ಅವರಿಗಿಂತ ಮೊದಲು ಗಂಡಸರೂ ಮಾಡಿರಲಿಲ್ಲ.

1929ರಲ್ಲಿ ಅಮೆರಿಕದಲ್ಲಿ ಲೈಸೆನ್ಸ್ ಇದ್ದ ಹೆಂಗಸರು 117 ಜನ. ಅವರಲ್ಲಿ 99 ಜನ ಸೇರಿ ಒಂದು ಸಂಘ ಕಟ್ಟಿದರು. ಸದಸ್ಯರ ಸಂಖ್ಯೆಯನ್ನೇ ಹೆಸರಾಗಿ ಇಟ್ಟುಕೊಂಡರು: ನೈಂಟಿ-ನೈನ್ಸ್. ಅದರ ಮೊದಲ ಅಧ್ಯಕ್ಷೆ ಇಯರ್‌ಹಾರ್ಟ್. ಆ ಸಂಘ ಇಂದಿಗೂ ನಡೆಯುತ್ತಿದೆ. ಸಾಗರದ ತಳದಲ್ಲಿ ಹುಡುಕುವಷ್ಟು ಶ್ರದ್ಧೆಯನ್ನು ಈ ಸಂಘದ ಕೆಲಸದ ಮೇಲೂ ತೋರಿಸಬಹುದು ಅಲ್ವಾ?

ಅದೇ ವರ್ಷ ಆಗಸ್ಟ್‌ನಲ್ಲಿ ಹೆಂಗಸರಿಗಾಗಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಓಹಾಯೋದ ಕ್ಲೀವ್‌ಲ್ಯಾಂಡ್‌ವರೆಗೆ ವಿಮಾನ ಸ್ಪರ್ಧೆ ನಡೆಯಿತು. ಮಾರ್ವೆಲ್ ಕ್ರಾಸನ್ ಎಂಬ ಸ್ಪರ್ಧಿ ದಾರಿಯಲ್ಲಿ ಸತ್ತಾಗ, ಸ್ಪರ್ಧೆ ನಿಲ್ಲಿಸಿ, ಹೆಂಗಸರಿಗೆ ಇದು ಆಗದ ಕೆಲಸ ಎಂಬ ಕೂಗು ಎದ್ದಿತು. ಉಳಿದವರು ನಿಲ್ಲಿಸಲಿಲ್ಲ. ಲೂಯಿಸ್ ಥೇಡನ್ ಗೆದ್ದರು. 1933ರಲ್ಲಿ ಇನ್ನೊಂದು ಸ್ಪರ್ಧೆಯಲ್ಲಿ ಫ್ಲಾರೆನ್ಸ್ ಕ್ಲಿಂಗೆನ್‌ಸ್ಮಿತ್ ಅವರ ವಿಮಾನದ ಹೊದಿಕೆಯ ಬಟ್ಟೆ ಕಿತ್ತುಬಂದು ವಿಮಾನ ಬಿದ್ದು ಅವರು ಸತ್ತರು. ತಪ್ಪು ವಿಮಾನದ್ದು. ಶಿಕ್ಷೆ ಬಂದದ್ದು ಹೆಂಗಸರಿಗೆ: ಮರುವರ್ಷದ ರಾಷ್ಟ್ರೀಯ ಸ್ಪರ್ಧೆಯಿಂದ ಅವರನ್ನು ಹೊರಗಿಟ್ಟರು. ಸ್ಪರ್ಧೆಗಳಲ್ಲಿ ಗಂಡಸರು ಎಷ್ಟೋ ಸಲ ಸತ್ತಿದ್ದರು. ಆ ಕಾರಣಕ್ಕೆ ಗಂಡಸರನ್ನು ಯಾರೂ ನಿಷೇಧಿಸಿರಲಿಲ್ಲ.

1936ರಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಬೆಂಡಿಕ್ಸ್ ಟ್ರೋಫಿ ಸ್ಪರ್ಧೆ. ಗುರಿ ಮುಟ್ಟುವ ಹೆಂಗಸರಲ್ಲಿ ಮೊದಲಿಗರಿಗೆ ಅಂತ 2,500 ಡಾಲರ್‌ನ ಸಮಾಧಾನಕರ ಬಹುಮಾನ ಇಟ್ಟಿದ್ದರು. ಥೇಡನ್ ಮತ್ತು ಬ್ಲಾಂಚ್ ನೋಯ್ಸ್ ಜೋಡಿ ಇಡೀ ಸ್ಪರ್ಧೆಯನ್ನೇ ಗೆದ್ದಿತು. ಎರಡನೇ ಸ್ಥಾನ ಬಂದದ್ದೂ ಹೆಣ್ಣಿಗೇ, ಲಾರಾ ಇಂಗಲ್ಸ್ ಅವರಿಗೆ. ಇದನ್ನು ಓದಿದ ಹುಡುಗಿಯ ಮುಖ ಹೇಗೆ ಅರಳುತ್ತದೆ ಎಂದು ಒಮ್ಮೆ ಯೋಚಿಸಿ.

ಏಮಿ ಜಾನ್ಸನ್ ಬಗ್ಗೆ ಬರೆಯುವಾಗ ದಯವಿಟ್ಟು ಸ್ಪ್ಯಾನರ್ ಹಿಡಿದ ಫೋಟೊ ಹಾಕಿ. ಲಂಡನ್ನಿನಲ್ಲಿ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದ ಈಕೆ ಬಿಡುವಿನಲ್ಲಿ ಹ್ಯಾಂಗರ್‌ಗೆ ಹೋಗಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತರು. 1929ರಲ್ಲಿ ಗ್ರೌಂಡ್ ಎಂಜಿನಿಯರ್ ಲೈಸೆನ್ಸ್ ಪಡೆದರು. ಬ್ರಿಟನ್ನಿನ ಹೆಂಗಸರಲ್ಲಿ ಅದನ್ನು ಮೊದಲು ಪಡೆದವರು ಅವರೇ. 1930ರ ಮೇ 5ರಂದು ‘ಜೇಸನ್’ ಎಂಬ ಹೆಸರಿನ ಹಳೆಯ ಜಿಪ್ಸಿ ಮಾತ್ ವಿಮಾನದಲ್ಲಿ ಕ್ರೊಯ್ಡನ್‌ನಿಂದ ಒಬ್ಬರೇ ಹೊರಟು, ಮೇ 24ರಂದು ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟಿದರು. ತೆರೆದ ಕಾಕ್‌ಪಿಟ್, ರೇಡಿಯೊ ಇಲ್ಲ. ಪೆಟ್ರೋಲ್ ಸಾಲದೆ ಝಾನ್ಸಿಯ ಸೇನಾ ಮೈದಾನದಲ್ಲಿ ಇಳಿದರು. ರಂಗೂನಿನ ಹತ್ತಿರ ವಿಮಾನ ಹಳ್ಳಕ್ಕೆ ನುಗ್ಗಿ ರೆಕ್ಕೆ ಮುರಿಯಿತು. ಅಲ್ಲಿಯ ತಾಂತ್ರಿಕ ಶಾಲೆಯವರ ನೆರವಿನಿಂದ ಅದನ್ನು ದುರಸ್ತಿ ಮಾಡಿಕೊಂಡು ಮುಂದೆ ಹೋದರು. ಪತ್ರಿಕೆಗಳು ಅವರ ಉಡುಪು, ನಗುವಿನ ಬಗ್ಗೆ ಬರೆದವು. ಅವರನ್ನು ಡಾರ್ವಿನ್‌ಗೆ ಮುಟ್ಟಿಸಿದ್ದು ಎಂಜಿನ್ ಬಗ್ಗೆ ಅವರಿಗಿದ್ದ ಜ್ಞಾನ.

ಎರಡನೇ ಮಹಾಯುದ್ಧ ಬಂದಾಗ ಪೈಲಟ್‌ಗಳ ಕೊರತೆ ಬಿತ್ತು. ಆಗ ಬಾಗಿಲು ತೆರೆಯಿತು. ಈ ಭಾಗವನ್ನು ನೀವು ಬಹಳ ಚುಟುಕಾಗಿ ಮುಗಿಸುತ್ತೀರಿ. ನನ್ನ ಪ್ರಕಾರ ಇಡೀ ಇತಿಹಾಸದ ತಿರುಳು ಇಲ್ಲೇ ಇದೆ.

ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ 8 ಜನ ಹೆಂಗಸರು ವಿಮಾನ ಸಾಗಿಸುವ ಕೆಲಸಕ್ಕೆ ಸೇರಿದರು. ಕಾರ್ಖಾನೆಯಿಂದ ವಾಯುನೆಲೆಗೆ ಹೊಸ ವಿಮಾನ ಮುಟ್ಟಿಸುವುದು ಕೆಲಸ. ಮೊದಲು ತರಬೇತಿ ವಿಮಾನ ಮಾತ್ರ ಕೊಟ್ಟರು. ಆಮೇಲೆ ಸ್ಪಿಟ್‌ಫೈರ್, ಕೊನೆಗೆ ನಾಲ್ಕು ಎಂಜಿನ್‌ನ ಬಾಂಬರ್‌ಗಳನ್ನೂ ಕೊಟ್ಟರು. ಹಿಂದೆಂದೂ ಕೂತಿರದ ವಿಮಾನವನ್ನು ಸಣ್ಣ ಕೈಪಿಡಿಯ ಕಾರ್ಡ್ ನೋಡಿಕೊಂಡು, ರೇಡಿಯೊ ಇಲ್ಲದೆ, ಮೋಡದ ಕೆಳಗೆ ನೆಲ ನೋಡುತ್ತಾ ಹಾರಿಸುತ್ತಿದ್ದರು. 1943ರಲ್ಲಿ ಅವರಿಗೆ ಗಂಡಸರಷ್ಟೇ ಸಂಬಳ ಸಿಕ್ಕಿತು. ಆ ಕಾಲಕ್ಕೆ ಅದು ದೊಡ್ಡ ಗೆಲುವು. ಏಮಿ ಜಾನ್ಸನ್ ಈ ಸೇವೆಯಲ್ಲಿದ್ದಾಗಲೇ 1941ರ ಜನವರಿ 5ರಂದು ಥೇಮ್ಸ್ ನದಿಮುಖದಲ್ಲಿ ಬಿದ್ದು ಸತ್ತರು.

ಸೋವಿಯತ್ ಒಕ್ಕೂಟದಲ್ಲಿ ಮರೀನಾ ರಸ್ಕೋವಾ ಮೂರು ಮಹಿಳಾ ಪಡೆಗಳನ್ನು ಕಟ್ಟಿದರು. ಅದರಲ್ಲಿ ಒಂದು 588ನೇ ರಾತ್ರಿ ಬಾಂಬರ್ ರೆಜಿಮೆಂಟ್. ಹಲಗೆ ಮತ್ತು ಬಟ್ಟೆಯ ಪೊ-2 ವಿಮಾನ. ಗುರಿ ಹತ್ತಿರ ಬಂದಾಗ ಎಂಜಿನ್ ಸದ್ದು ಅಡಗಿಸಿ ಜಾರಿಕೊಂಡು ಬಂದು ಬಾಂಬ್ ಹಾಕುತ್ತಿದ್ದರು. ಜರ್ಮನ್ ಸೈನಿಕರು ಅವರನ್ನು ರಾತ್ರಿಯ ಮಾಟಗಾತಿಯರು ಎಂದು ಕರೆದರು. ಯುದ್ಧದಲ್ಲಿ ಈ ಪಡೆ 23,000ಕ್ಕೂ ಜಾಸ್ತಿ ಹಾರಾಟ ನಡೆಸಿತು. ಫೈಟರ್ ಪೈಲಟ್ ಲಿಡಿಯಾ ಲಿಟ್ವ್ಯಾಕ್ 1943ರ ಆಗಸ್ಟ್ 1ರಂದು ಹಾರಿಹೋಗಿ ಮರಳಲಿಲ್ಲ. ಇನ್ನೂ 22 ತುಂಬಿರಲಿಲ್ಲ. ಶವ ಸಿಗಲಿಲ್ಲ, ಶತ್ರುವಿನ ಕೈಗೆ ಸಿಕ್ಕಿರಬಹುದು ಎಂಬ ಸಂಶಯದಲ್ಲಿ ಅವರಿಗೆ ಸಲ್ಲಬೇಕಾದ ಗೌರವ ತಡೆದರು. ‘ಸೋವಿಯತ್ ಒಕ್ಕೂಟದ ವೀರ’ ಪದವಿ ಬಂದದ್ದು 1990ರಲ್ಲಿ.

ಅಮೆರಿಕದಲ್ಲಿ ವಾಸ್ಪ್ ಎಂಬ ಮಹಿಳಾ ಪೈಲಟ್‌ಗಳ ದಳ ಇತ್ತು. ತರಬೇತಿ ಮುಗಿಸಿದವರು 1,074 ಜನ. ಅವರು ಬಾಂಬರ್‌ಗಳನ್ನು ಸಾಗಿಸಿದರು, ರಿಪೇರಿಯಾದ ವಿಮಾನಗಳನ್ನು ಪರೀಕ್ಷಿಸಿದರು. ತಮ್ಮ ವಿಮಾನದ ಹಿಂದೆ ಗುರಿಯ ಬಟ್ಟೆ ಎಳೆದುಕೊಂಡು ಹಾರಿದರು, ಕೆಳಗಿನ ಸೈನಿಕರು ಅದಕ್ಕೆ ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡಿದರು. 1944ರಲ್ಲಿ ಬಿ-29 ಬಾಂಬರ್ ಬಂದಾಗ, ಅದರ ಎಂಜಿನ್‌ಗೆ ಬೆಂಕಿ ಹತ್ತುತ್ತದೆ ಎಂದು ಗಂಡಸರು ಹಾರಿಸಲು ಹಿಂಜರಿದರು. ಆಗ ಇಬ್ಬರು ವಾಸ್ಪ್ ಪೈಲಟ್‌ಗಳಿಗೆ ಕೆಲವೇ ದಿನ ತರಬೇತಿ ಕೊಟ್ಟು, ಅವರಿಂದ ಆ ವಿಮಾನ ಹಾರಿಸಿ ತೋರಿಸಲಾಯಿತು. ಗಂಡಸರ ಹಿಂಜರಿಕೆ ನಿಂತಿತು. ಆ ಇಬ್ಬರ ಹಾರಾಟವನ್ನೂ ಮೇಲಧಿಕಾರಿಗಳು ನಿಲ್ಲಿಸಿದರು.

ಆ ದಳದ 38 ಜನ ಸೇವೆಯಲ್ಲಿದ್ದಾಗ ಸತ್ತರು. ಅವರನ್ನು ಸೈನಿಕರು ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿ ಶವಪೆಟ್ಟಿಗೆ ಮನೆಗೆ ಕಳಿಸುವ ಖರ್ಚನ್ನೂ ಸರ್ಕಾರ ಕೊಡಲಿಲ್ಲ. ಜೊತೆಯ ಹುಡುಗಿಯರು ಚಂದಾ ಎತ್ತಿ ಕಳಿಸಿದರು. ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸುವ ಹಕ್ಕೂ ಇರಲಿಲ್ಲ. 1944ರ ಡಿಸೆಂಬರ್ 20ರಂದು ದಳವನ್ನೇ ಮುಚ್ಚಿದರು, ಯುದ್ಧ ಇನ್ನೂ ನಡೆಯುತ್ತಿತ್ತು. ಮಾಜಿ ಸೈನಿಕರ ಸ್ಥಾನಮಾನ ಸಿಗಲು 1977ರವರೆಗೆ ಹೋರಾಡಬೇಕಾಯಿತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಓದುವ ಮಕ್ಕಳಿಗೂ ಬರಲಿ. ಇತಿಹಾಸದ ಪುಸ್ತಕ ಅದಕ್ಕೆ ಹೆದರಬೇಕಿಲ್ಲ.

ಯುದ್ಧದ ನಂತರ ಏರ್‌ಲೈನ್‌ಗಳ ಬಾಗಿಲು ದಶಕಗಳ ಕಾಲ ಮುಚ್ಚಿಯೇ ಇತ್ತು. ಮೊದಲೂ ತೆರೆದಿತ್ತು ಅನ್ನುವ ಹಾಗಿಲ್ಲ: 1934ರಲ್ಲಿ ಅಮೆರಿಕದ ಒಂದು ಏರ್‌ಲೈನ್‌ಗೆ ಸೇರಿದ ಹೆಲೆನ್ ರಿಚಿಯನ್ನು ಪೈಲಟ್‌ಗಳ ಸಂಘ ಸೇರಿಸಿಕೊಳ್ಳಲಿಲ್ಲ. ಹಾರಲು ಸರಿಯಾಗಿ ಬಿಡದೆ ಇದ್ದಾಗ ಅವರೇ ಕೆಲಸ ಬಿಟ್ಟರು. ಎಮಿಲಿ ಹೋವೆಲ್ ವಾರ್ನರ್ ಎಂಬ ತರಬೇತುದಾರ್ತಿ ವರ್ಷಗಟ್ಟಲೆ ಗಂಡಸರಿಗೆ ಹಾರಾಟ ಕಲಿಸಿದರು. ಅವರ ಶಿಷ್ಯರಿಗೆ ಏರ್‌ಲೈನ್ ಕೆಲಸ ಸಿಕ್ಕಿತು, ಅವರಿಗೆ ಸಿಕ್ಕಿದ್ದು 1973ರಲ್ಲಿ. ಆಸ್ಟ್ರೇಲಿಯಾದ ಡೆಬೊರಾ ಲಾರಿ ಕೂಡ ತರಬೇತುದಾರ್ತಿಯೇ. ಮುಂದೆ ಬಸಿರು, ಬಾಣಂತನ ಬರುತ್ತದೆ ಎಂಬ ಕಾರಣವನ್ನೂ ಮುಂದಿಟ್ಟು ಆನ್ಸೆಟ್ ಏರ್‌ಲೈನ್ ಅವರಿಗೆ ಕೆಲಸ ನಿರಾಕರಿಸಿತು. ಅವರು ಕಾನೂನಿನ ಮೊರೆ ಹೋಗಿ 1979ರಲ್ಲಿ ಗೆದ್ದರು. ಕಂಪನಿ ಮೇಲ್ಮನವಿ ಹಾಕಿತು. 1980ರಲ್ಲಿ ಅಲ್ಲಿಯ ಹೈಕೋರ್ಟ್‌ನಲ್ಲೂ ಅವರೇ ಗೆದ್ದರು. ಹಾರಾಟದ ಪರೀಕ್ಷೆಗಿಂತ ಕೋರ್ಟಿನ ಪರೀಕ್ಷೆ ಅವರಿಗೆ ದೊಡ್ಡದಾಯಿತು.

ನಿಯಮ ಹೇಗೆ ಬಾಗಿಲಾಗುತ್ತದೆ ಎಂದು ತೋರಿಸಲು ಬಾಹ್ಯಾಕಾಶದ ಕತೆ ಒಂದು ಸಾಕು. 1960ರ ಆಸುಪಾಸಿನಲ್ಲಿ ಜೆರಿ ಕಾಬ್ ಮತ್ತು ಇನ್ನೂ 12 ಮಹಿಳಾ ಪೈಲಟ್‌ಗಳು, ಗಗನಯಾತ್ರಿಗಳಿಗೆ ಮಾಡಿದಂಥ ದೇಹ ಪರೀಕ್ಷೆಗಳಲ್ಲಿ ಖಾಸಗಿಯಾಗಿ ಪಾಸಾದರು. ನಾಸಾ ಮಾತ್ರ ಜೆಟ್ ಟೆಸ್ಟ್ ಪೈಲಟ್ ಅನುಭವ ಬೇಕು ಎಂದಿತು. ಆ ಅನುಭವ ಸಿಗುವುದು ಸೇನೆಯ ಶಾಲೆಯಲ್ಲಿ. ಆ ಶಾಲೆಗೆ ಹೆಂಗಸರಿಗೆ ಪ್ರವೇಶವಿಲ್ಲ. 1962ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, ಏನೂ ಬದಲಾಗಲಿಲ್ಲ. ಶಬ್ದದ ವೇಗ ಮೀರಿ ಹಾರಿದ ಮೊದಲ ಮಹಿಳೆ ಜಾಕ್ವೆಲಿನ್ ಕಾಕ್ರನ್ ಕೂಡ ಅಲ್ಲಿ ಇವರ ಪರ ನಿಲ್ಲಲಿಲ್ಲ. ಇದನ್ನೂ ಮುಚ್ಚಿಡಬೇಡಿ. 1995ರಲ್ಲಿ ಐಲೀನ್ ಕಾಲಿನ್ಸ್ ಬಾಹ್ಯಾಕಾಶ ನೌಕೆಯ ಪೈಲಟ್ ಆದಾಗ, ಆ ಹಿರಿಯರಲ್ಲಿ ಕೆಲವರನ್ನು ಉಡಾವಣೆ ನೋಡಲು ಕರೆಸಿಕೊಂಡರು.

ಇನ್ನೊಂದು ಮಾತು. ಚೌಕದಿಂದ ತೆಗೆದು ಪೀಠದ ಮೇಲೆ ಕೂರಿಸಬೇಡಿ. ಜರ್ಮನಿಯ ಹಾನಾ ರೈಟ್ಷ್ ಅಸಾಮಾನ್ಯ ಟೆಸ್ಟ್ ಪೈಲಟ್. 1938ರಲ್ಲಿ ಬರ್ಲಿನ್ನಿನ ಒಳಾಂಗಣ ಕ್ರೀಡಾಂಗಣದಲ್ಲೇ ಹೆಲಿಕಾಪ್ಟರ್ ಹಾರಿಸಿದವರು. ಹಿಟ್ಲರನಿಗೆ ಕೊನೆಯವರೆಗೂ ನಿಷ್ಠರಾಗಿದ್ದವರೂ ಅವರೇ. ಟರ್ಕಿಯ ಸಬಿಹಾ ಗೋಕ್ಚೆನ್ ಯುದ್ಧವಿಮಾನ ನಡೆಸಿದ ಮೊದಲಿಗರಲ್ಲಿ ಒಬ್ಬರು. ಅವರು 1937ರಲ್ಲಿ ಬಾಂಬ್ ಹಾಕಿದ್ದು ತಮ್ಮದೇ ದೇಶದ ದೆರ್ಸಿಮ್ ಪ್ರಾಂತ್ಯದ ದಂಗೆಯ ಮೇಲೆ. ಗಂಡಸರ ಇತಿಹಾಸದಲ್ಲಿ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯುತ್ತೀರಲ್ಲ, ಇಲ್ಲಿಯೂ ಹಾಗೆಯೇ ಬರೆಯಿರಿ.

ಭಾರತದ ಹೆಸರುಗಳೂ ಚೌಕಕ್ಕೆ ಸೀಮಿತ ಆಗದಿರಲಿ. ಸರಳಾ ಠಕ್ರಾಲ್ 1936ರಲ್ಲಿ 21ರ ಹರೆಯದಲ್ಲಿ ಸೀರೆ ಉಟ್ಟು ಲಾಹೋರಿನಲ್ಲಿ ಜಿಪ್ಸಿ ಮಾತ್ ಹಾರಿಸಿದರು. ಎಲ್ಲರೂ ಸೀರೆಯ ಬಗ್ಗೆ ಬರೆಯುತ್ತಾರೆ. ಅವರು 1,000 ಗಂಟೆ ಹಾರಾಟ ಪೂರೈಸಿದ್ದನ್ನು ಬರೆಯುವವರು ಕಡಿಮೆ. 1966ರಲ್ಲಿ ದುರ್ಬಾ ಬ್ಯಾನರ್ಜಿ ಇಂಡಿಯನ್ ಏರ್‌ಲೈನ್ಸ್ ಸೇರಿದರು, ಅಮೆರಿಕದ ವಾರ್ನರ್‌ಗಿಂತ ಏಳು ವರ್ಷ ಮೊದಲು. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು, ಹೀಗೇಕೆ ಆಯಿತು ಎಂದು ಮಕ್ಕಳನ್ನೇ ಕೇಳಿ. ಇಂದು ಜಗತ್ತಿನ ಏರ್‌ಲೈನ್ ಪೈಲಟ್‌ಗಳಲ್ಲಿ ಹೆಂಗಸರು ನೂರಕ್ಕೆ ಸುಮಾರು 5 ಜನ, ಭಾರತದಲ್ಲಿ ಅದು 10ಕ್ಕಿಂತ ಜಾಸ್ತಿ. ಅದಕ್ಕೂ ಕಾರಣ ಹುಡುಕಲಿ.

ಮ್ಯೂಸಿಯಂನವರಿಗೆ ಕಡೆಯದಾಗಿ ಒಂದು ಕೋರಿಕೆ. ನಿಮ್ಮ ಹತ್ತಿರ ಈ ವಿಮಾನಗಳು ಇವೆ. ಇಯರ್‌ಹಾರ್ಟ್ ಅವರ ಕೆಂಪು ವೇಗಾ ವಾಷಿಂಗ್ಟನ್‌ನಲ್ಲಿದೆ. ಜೇಸನ್ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. 1964ರಲ್ಲಿ ಓಹಾಯೋದ ಗೃಹಿಣಿ ಜೆರಿ ಮಾಕ್ ಒಬ್ಬರೇ 29 ದಿನದಲ್ಲಿ ಜಗತ್ತು ಸುತ್ತಿದ ಸೆಸ್ನಾ 180 ಕೂಡ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಮಾಕ್ ಸೌದಿ ಅರೇಬಿಯಾದಲ್ಲಿ ಇಳಿದಾಗ, ವಿಮಾನ ನಡೆಸಿದ ಗಂಡಸು ಎಲ್ಲಿ ಎಂದು ಒಬ್ಬರು ಕಾಕ್‌ಪಿಟ್ ಒಳಗೆ ಇಣುಕಿ ನೋಡಿದರಂತೆ. ಪಕ್ಕದ ಫಲಕದಲ್ಲಿ ಇದನ್ನೂ ಬರೆಯಿರಿ, ಕೆಟ್ಟ ಎತ್ತರದ ಮೀಟರ್ ಬಗ್ಗೆಯೂ ಬರೆಯಿರಿ, ರಂಗೂನಿನಲ್ಲಿ ಮುರಿದ ರೆಕ್ಕೆಯ ಬಗ್ಗೆಯೂ ಬರೆಯಿರಿ. ಪಠ್ಯಪುಸ್ತಕದವರು ಮುಂದಿನ ಮುದ್ರಣಕ್ಕೆ ಕಾಯಬೇಕಾಗಬಹುದು. ಫಲಕ ಬದಲಾಯಿಸಲು ಅಷ್ಟು ದಿನ ಬೇಡ.

ಇಂತಿ,
ವಿಮಾನಯಾನದ ಇತಿಹಾಸವನ್ನು ಪ್ರೀತಿಯಿಂದ ಓದುವ ಒಬ್ಬ ಓದುಗಿ